ಸುರಪುರದಲ್ಲಿ ನಾನು ಗಂಡಿನ ಕಡೆಯವಳಾದದ್ದು

ಮೈಸೂರಿನ ಒಂದು ಚಿಕ್ಕ ಫಿಜಿಯೋಥೆರಪಿ ಕೇಂದ್ರದಲ್ಲಿ ದಿನವಿಡೀ ಬೇರೆಯವರ ಮಂಡಿ, ಸೊಂಟ, ಹೆಗಲು ತಿರುವಿ ಕೂರಿಸುವುದು ನನ್ನ ಕೆಲಸ. ವರ್ಷಕ್ಕೆ ಒಂದೆರಡು ಸಲ ರಜೆ ಸಿಕ್ಕಾಗ ಯಾರ ಮಂಡಿಯೂ ಕಣ್ಣಿಗೆ ಬೀಳದ ಕಡೆ ಹೋಗಿಬಿಡಬೇಕು ಅನಿಸುತ್ತದೆ. ಹಾಗೆ ಬೆನ್ನಿಗೆ ಚೀಲ ಏರಿಸಿಕೊಂಡು ಒಬ್ಬಳೇ ಊರೂರು ಸುತ್ತುವ ಚಟ ಹತ್ತಿಕೊಂಡಿತು. ಹಂಪಿಯಲ್ಲಿ ಚೀಲ ಹೊತ್ತವರು ಎಷ್ಟು ಮಂದಿ ಇರುತ್ತಾರೆಂದರೆ ಅಲ್ಲಿ ನಾನು ಯಾರ ಕಣ್ಣಿಗೂ ಕಾಣುವುದಿಲ್ಲ. ಯಾದಗಿರಿಯಲ್ಲಿ ಹಾಗಾಗಲಿಲ್ಲ. ಇಡೀ ಊರಿಗೆ ನಾನೊಬ್ಬಳೇ ಚೀಲದವಳು.

ರೈಲು ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಕೋಣೆ ಕೇಳಿದಾಗಲೇ ಶುರುವಾಯಿತು.

"ಒಬ್ರೇ ಏನ್ರಿ?" ಎಂದರು ಮೇಜಿನ ಹಿಂದಿದ್ದ ಯಜಮಾನರು.

"ಹೌದು, ಒಬ್ಬಳೇ."

"ಹಿಂದ್ ಯಾರ್ ಬರಾಕತ್ತಾರ?"

"ಯಾರೂ ಇಲ್ಲ."

ಅವರು ಎದ್ದು ಹೋಗಿ ಬಾಗಿಲಾಚೆ ಎರಡೂ ಕಡೆ ಇಣುಕಿ, ನಿಜವಾಗಿಯೂ ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬಂದು ಬೀಗದ ಕೈ ಕೊಟ್ಟರು.

ಮರುದಿನ ಬೆಳಿಗ್ಗೆ ಕೋಟೆ ಹತ್ತಿದೆ. ಮೇಲೆ ಗಾಳಿ ಸೇವಿಸಲು ಬಂದಿದ್ದ ಹಿರಿಯರೊಬ್ಬರು ನನ್ನ ಚೀಲವನ್ನೇ ನೋಡುತ್ತಾ, "ಏನ್ ಮಾರ್ತೀರಿ?" ಎಂದರು. ಏನೂ ಮಾರುವುದಿಲ್ಲ ಎಂದೆ. "ಸರ್ವೇ ಮಾಡೋರೇನ್ರಿ?" ಅದೂ ಅಲ್ಲ ಎಂದೆ. ಕೋಟೆ ನೋಡಲು ಬಂದಿದ್ದೇನೆ, ಚೀಲದಲ್ಲಿ ಬಟ್ಟೆ ಇದೆ ಎಂದೆ. ಅವರು ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಮನ್ಯಾಗ ಜಗಳ ಆಗ್ಯಾದೇನ್ರಿ?" ಎಂದು ಕೇಳಿದರು. ಇಲ್ಲವೆಂದರೂ ಒಪ್ಪಲಿಲ್ಲ. ಇಳಿಯುವಾಗ ಕೈಗೊಂದು ಬಾಳೆಹಣ್ಣು ಕೊಟ್ಟು, ಸಿಟ್ಟು ಇಳಿದ ಮೇಲೆ ಊರಿಗೆ ಹೋಗಬೇಕೆಂದು ಹೇಳಿ ಕಳಿಸಿದರು.

ಕೋಟೆಯಿಂದ ನೇರವಾಗಿ ಬಸ್ ನಿಲ್ದಾಣಕ್ಕೆ ಹೋದೆ. ನನ್ನ ಮುಂದಿನ ಯೋಜನೆ ಸರಳವಾಗಿತ್ತು. ಶಹಾಪುರದಲ್ಲಿ ಇಳಿದು, ಬುದ್ಧ ಮಲಗಿದಂತೆ ಕಾಣುವ ಬೆಟ್ಟವನ್ನು ಹತ್ತಿರದಿಂದ ನೋಡುವುದು. ಅಲ್ಲೇ ಉಳಿದು ಮರುದಿನ ಸುರಪುರದ ಗುಡ್ಡದ ಮೇಲಿನ ಹಳೇ ಬಂಗಲೆಗೆ ಹೋಗುವುದು. ಆ ಯೋಜನೆ ಬಸ್ಸು ಯಾದಗಿರಿ ಬಿಡುವ ಮೊದಲೇ ಮುರಿಯತೊಡಗಿತ್ತು. ನನಗದು ಶಹಾಪುರ ಬರುವವರೆಗೂ ತಿಳಿಯಲಿಲ್ಲ.

ಕಿಟಕಿ ಪಕ್ಕ ಕೂತು ಚೀಲವನ್ನು ಪಕ್ಕದ ಸೀಟಿನ ಮೇಲೆ ಇಟ್ಟಿದ್ದೆ. ಬುರ್ಖಾದ ಮುಸುಕನ್ನು ತಲೆಯ ಹಿಂದಕ್ಕೆ ಎಸೆದುಕೊಂಡ, ಐವತ್ತೈದರ ಆಸುಪಾಸಿನ ದಪ್ಪ ಹೆಂಗಸೊಬ್ಬರು ಎರಡೂ ಕೈಯಲ್ಲಿ ಒಂದು ದೊಡ್ಡ ಸ್ಟೀಲ್ ಡಬ್ಬಿ ಹಿಡಿದುಕೊಂಡು ಹತ್ತಿದರು. ಅವರ ಹಿಂದೆ ಬಿಳಿ ಟೊಪ್ಪಿಗೆಯ, ಕಡ್ಡಿಯಂಥ ಗಂಡಸರೊಬ್ಬರು.

"ಅಕ್ಕಾರ, ಆ ಚೀಲಕ್ಕೂ ಟಿಕೀಟ್ ತಗೊಂಡೀರೇನ?" ಎಂದರು ಆಕೆ.

"ಇಲ್ಲ..."

"ಮತ್ತ ತೊಡಿ ಮ್ಯಾಲ ಇಟ್ಕೋರಿ. ನಾ ಕುಂದರ್ತೀನಿ."

ಆ ಕಡೆಯ ಮಾತಿಗೆ ನನ್ನ ಕಿವಿ ಇನ್ನೂ ಪಳಗಿರಲಿಲ್ಲ. ಬೈದರು ಅಂದುಕೊಂಡು ಗಡಬಡಿಸಿ ಚೀಲ ಎತ್ತಿಕೊಂಡೆ. ಆಕೆ ಕೂತ ಮರುಗಳಿಗೆಯೇ ನನ್ನ ಚೀಲದ ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಅಕ್ಕಿಯಲ್ಲಿ ಹುಳ ಕಂಡವರ ಮುಖ ಮಾಡಿದರು.

"ಫೋಮ್," ಎಂದರು.

"ಏನಂದ್ರಿ?"

"ಒಳಗ ಫೋಮ್ ತುಂಬ್ಯಾರ. ನಾವು ಗಾದಿ ಮಂದಿ ಅವ್ವಾ. ಯಾದಗಿರ್ದಾಗ ನಮ್ದು ಗಾದಿ ಅಂಗಡಿ ಅದ. ನಮ್ ಮಾವನ ಕಾಲದಿಂದ ಹತ್ತಿ ಹಿಂಜಾಕತ್ತೀವಿ. ಈ ಫೋಮ್ ಬಂದು ಎಲ್ಲಾರ ಬೆನ್ನೂ ಹಾಳ್ ಮಾಡ್ಯಾದ."

ಬೆನ್ನಿನ ಮಾತು ಬಂದ ಕೂಡಲೇ ನಾನು ಸುಮ್ಮನಿರಬೇಕಿತ್ತು. "ಅದು ನಿಜ, ತುಂಬಾ ಮೆತ್ತಗಿರೋ ಹಾಸಿಗೆ ಸೊಂಟಕ್ಕೆ ಒಳ್ಳೇದಲ್ಲ," ಎಂದುಬಿಟ್ಟೆ. ನಿನಗೆ ಹೇಗೆ ಗೊತ್ತು ಎಂದು ಕೇಳಿದರು. ಹೇಳಿದೆ.

"ಅಂದ್ರ ಡಾಕ್ಟ್ರು."

"ಅಯ್ಯೋ ಅಲ್ಲ. ವ್ಯಾಯಾಮ ಹೇಳಿಕೊಡೋದು ಅಷ್ಟೇ."

ಆಕೆ ಆಗಲೇ ಹಿಂದಕ್ಕೆ ತಿರುಗಿ, ಕೊನೆಯ ಸಾಲಿನಲ್ಲಿ ಕೂತಿದ್ದ ಗಂಡನಿಗೆ ಇಡೀ ಬಸ್ಸಿನ ತಲೆಗಳ ಮೇಲಿಂದ ಕೂಗಿದರು. "ಸುನೇ ಕ್ಯಾ ಜೀ, ಡಾಕ್ಟರ್ನಿ ಮಿಲೀ!" ಡಾಕ್ಟರಮ್ಮ ಸಿಕ್ಕಳು ಎಂದು. ಗಂಡ ತಲೆಯಾಡಿಸಿದರು. ಬಸ್ಸಿನ ಉಳಿದವರೂ ತಲೆಯಾಡಿಸಿದರು.

ಆಮೇಲೆ ನನಗೆ ಅವರನ್ನು ಖಾಲಾ ಎಂದು ಕರೆಯಲು ಅಪ್ಪಣೆಯಾಯಿತು. ಖಾಲಾ ಎಂದರೆ ಚಿಕ್ಕಮ್ಮ. ಅವರ ಗಂಡ ಖಾಲೂ. ಖಾಲೂ ಮಾತಾಡುವವರಲ್ಲವೆಂದು ಖಾಲಾ ಹೇಳಿದರು. ಅದನ್ನು ಹೇಳಿದ ರೀತಿ ಹೇಗಿತ್ತೆಂದರೆ, ಅವರಿಗೆ ಹುಟ್ಟಿನಿಂದಲೇ ಆ ಕೊರತೆ ಇರಬೇಕೆಂದು ನಾನು ಮರುಗಿದೆ.

ಬಸ್ಸು ಭೀಮಾ ಸೇತುವೆ ದಾಟುವಷ್ಟರಲ್ಲಿ ಖಾಲಾಳ ಒಬ್ಬನೇ ಮಗನ ಕಥೆ ಅರ್ಧ ಮುಗಿದಿತ್ತು. "ಹುಟ್ಟಿದ್ದೇ ಹತ್ತಿ ಮ್ಯಾಲ. ಅವನಂಗ ಗಾದಿ ಹೊಲಿಯಾವ್ರು ಯಾದಗಿರ್ದಾಗ ಯಾರೂ ಇಲ್ಲ. ಒಂದ್ ವರ್ಷ ಆತು ನೋಡು, ಹತ್ತಿ ಮುಟ್ಟಂಗಿಲ್ಲ ಅಂತ ಹಟ ಹಿಡದಾನ. ಸೈದಾಪುರದ ಹಂತೇಕ ಕಡೇಚೂರಿಗಿ ಫ್ಯಾಕ್ಟರಿ ಕೆಲಸಕ್ಕ ಹೋಗಾಕತ್ತಾನ. ಅಲ್ಲಿ ಏನ್ ಮಾಡ್ತಾನ ಗೊತ್ತೇನ? ಡಬ್ಬಿಗಿ ಮುಚ್ಚಳ ಹಾಕ್ತಾನ. ಗಾದಿ ಹೊಲಿಯೋ ಕೈಲೆ ಮುಚ್ಚಳ!"

"ಸಂಬಳ ಚೆನ್ನಾಗಿರಬಹುದು," ಎಂದೆ.

"ಸಂಬಳ ಇರ್ಲಿ. ದಿನಾ ಎರಡೆರಡು ಸಲ ಜಳಕ ಮಾಡ್ತಾನ ಬೇಟಿ. ಅಂಗಿ ಝಾಡಿಸಿ ಝಾಡಿಸಿ ಹಾಕ್ಕೋತಾನ. ಮನ್ಯಾಗಿನ ತಲಿದಿಂಬು ಗಾದಿ ಎಲ್ಲಾ ಬಿಸಲಿಗಿ ಹಾಕ್ತಾನ. ಏನೋ ಗಾಳಿ ಹಿಡದಾದ ಅಂತ ದರ್ಗಾಕ್ಕ ಕರಕೊಂಡ್ ಹೋಗಿ ತಾಯತ ಕಟ್ಟಿಸಿದೆ. ಈಗ ತಾಯತಾನೂ ಝಾಡಿಸ್ತಾನ."

ಇದಕ್ಕೆ ಮದುವೆಯೇ ಮದ್ದು ಎಂದು ಖಾಲಾ ತೀರ್ಮಾನಿಸಿದ್ದರು. ದೂರದ ನೆಂಟರೊಬ್ಬರ ಮೂಲಕ ಸುರಪುರದಲ್ಲಿ ಒಂದು ಸಂಬಂಧ ಗೊತ್ತಾಗಿತ್ತು. ಇವತ್ತು ಗಂಡ ಹೆಂಡತಿ ಹೊರಟಿರುವುದು ಹೆಣ್ಣು ನೋಡಲು. ಡಬ್ಬಿಯಲ್ಲಿರುವುದು ಬಾದೂಷಾ. ಜೊತೆಗೆ ಬರಬೇಕಿದ್ದ ನಾದಿನಿ, ಆ ಡಬ್ಬಿಯನ್ನು ಯಾರು ಹಿಡಿಯಬೇಕು ಎಂಬ ವಿಷಯಕ್ಕೆ ಬೆಳಿಗ್ಗೆ ಜಗಳವಾಡಿ ಮನೆಯಲ್ಲೇ ಉಳಿದಿದ್ದಳು.

"ಈಗ ನಾವು ಇಬ್ರೇ ಆದ್ವಿ. ಅದ್ರಾಗ ಇವ್ರು ಮಾತಾಡಂಗಿಲ್ಲ. ಹಿಂಗ ಹೋದ್ರ ಹೆಣ್ ನೋಡಾಕ ಬಂದಾರೋ, ಬಾಡಿಗಿ ಮನಿ ಕೇಳಾಕ ಬಂದಾರೋ ಅಂತ ಮಂದಿಗಿ ತಿಳಿಯಂಗಿಲ್ಲ." ಖಾಲಾ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ನೀ ಬಾ."

"ನಾನಾ? ನಾನು ಶಹಾಪುರದಲ್ಲಿ ಇಳೀತೀನಿ. ಅಲ್ಲಿ ಬೆಟ್ಟ ನೋಡಬೇಕು."

ಇಲ್ಲಿಂದ ಮುಂದೆ ಅದು ನಮ್ಮಿಬ್ಬರ ಮಾತಾಗಿ ಉಳಿಯಲಿಲ್ಲ. ಮುಂದಿನ ಸೀಟಿನಲ್ಲಿ ಕೂತಿದ್ದ, ಬಿಡಿಸಿದ ಹತ್ತಿಯ ಗಂಟು ಹೊತ್ತ ಅಮ್ಮ ತಿರುಗಿ ಕೂತು, "ಪಾಪ, ಹಿರೇರು ಕರೀತಾರ, ಹೋಗವ್ವಾ," ಎಂದರು. ಎರಡು ಸಾಲಿನ ಆಚೆಯಿಂದ ಯಾರೋ, ಹೆಣ್ಣು ನೋಡುವ ದಿನ ಬೇಡವೆನ್ನಬಾರದು ಎಂದರು. ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್ ವಿಷಯವನ್ನೆಲ್ಲಾ ಕೇಳಿ, ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, "ಹೋಗ್ರಿ ಮೇಡಮ್. ಗುಡ್ಡ ಎಲ್ಲಿಗೂ ಓಡಿ ಹೋಗಂಗಿಲ್ಲ. ಮಲಗೇ ಇರ್ತದ," ಎಂದು ತೀರ್ಪು ಕೊಟ್ಟರು.

ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿನ್ನುತ್ತಾ ನಾನು ಇನ್ನೊಮ್ಮೆ ಸಾಧ್ಯವಿಲ್ಲವೆಂದು ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ಅದುವರೆಗೆ ಒಂದು ಮಾತೂ ಆಡದಿದ್ದ ಖಾಲೂ, ಬೆಂಚಿನ ಮೇಲಿದ್ದ ನನ್ನ ಚೀಲವನ್ನು ಎತ್ತಿ ತಮ್ಮ ಬೆನ್ನಿಗೆ ಹಾಕಿಕೊಂಡು, ಸೊಂಟದ ಬಕಲ್ಲನ್ನೂ ಸರಿಯಾಗಿ ಬಿಗಿದುಕೊಂಡು, ಸುರಪುರದ ಬಸ್ಸಿನ ಕಡೆ ನಡೆದರು. ಚೀಲ ಹೋದ ಕಡೆ ನಾನು ಹೋಗಲೇಬೇಕಾಯಿತು.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಕುತೂಹಲವೂ ಹುಟ್ಟಿತ್ತು. ನನ್ನನ್ನು ನೋಡಲು ಬಂದವರ ಮುಂದೆ ನಾನು ಎರಡು ಸಲ ತಟ್ಟೆ ಹಿಡಿದು ನಿಂತಿದ್ದೇನೆ. ಎರಡು ಸಲವೂ ಏನೂ ಆಗಲಿಲ್ಲ. ಆದರೆ ಎದುರು ಬದಿಯಲ್ಲಿ, ಕುರ್ಚಿಯ ಮೇಲೆ ಕೂತು ನೋಡುವ ಅವಕಾಶ ಎಂದೂ ಸಿಕ್ಕಿರಲಿಲ್ಲ.

ಸುರಪುರದ ಬಸ್ಸಿನಲ್ಲಿ ಖಾಲಾ ನನ್ನ ಟೋಪಿ ತೆಗೆಸಿ, ತಮ್ಮ ಬಾಚಣಿಗೆಯಿಂದ ನನ್ನ ತಲೆ ಬಾಚಿದರು. ರಸ್ತೆಯ ಪ್ರತಿ ಗುಂಡಿಗೂ ಬಾಚಣಿಗೆ ನೆತ್ತಿಗೆ ಚುಚ್ಚುತ್ತಿತ್ತು.

"ನೀ ಭಾಳ ಮಾತಾಡಬ್ಯಾಡ. ನಿನ್ನ ಮಾತ್ ಕೇಳಿದ್ರ ಮೈಸೂರ್ ಕಡೆಯಾಕಿ ಅಂತ ಗೊತ್ತಾಗ್ತದ. ಸುಮ್ನ ಕುಂತು ಹುಡುಗಿನ್ನ ನೋಡು."

"ನಾನು ಯಾರು ಅಂತ ಕೇಳಿದ್ರೆ ಏನು ಹೇಳ್ಲಿ?"

"ಹುಡುಗನ ಕಡೆಯಾಕಿ."

"ಖಾಲಾ, ನನಗೆ ಸುಳ್ಳು ಹೇಳಕ್ಕೆ ಬರಲ್ಲ."

"ಸುಳ್ಳೆಲ್ಲಿ ಅದ? ಹುಡುಗ ನನ್ನ ಮಗ. ನೀ ನನ್ನ ಬಾಜೂಕ ಕುಂತಿ. ಅಂದ್ರ ಹುಡುಗನ ಕಡೆ ಕುಂತಂಗಾತಿಲ್ಲೋ?"

ಅಷ್ಟರಲ್ಲಿ ಸುರಪುರ ಬಂತು. ಹುಡುಗನಾದರೂ ಹೇಗಿದ್ದಾನೆ ಎಂದು ಕೇಳಿದ್ದಕ್ಕೆ ಖಾಲಾ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಕಪ್ಪು ಕನ್ನಡಕ ಹಾಕಿಕೊಂಡು, ಸ್ಟುಡಿಯೋದವರು ಬರೆಸಿದ ಜಲಪಾತದ ಮುಂದೆ, ಯಾರದೋ ಮೋಟಾರ್ ಸೈಕಲ್ ಮೇಲೆ ಕೂತಿದ್ದ. ಮುಖಕ್ಕಿಂತ ಜಲಪಾತವೇ ಚೆನ್ನಾಗಿ ಕಾಣುತ್ತಿತ್ತು.

ಬಂಡೆಗಳ ನಡುವೆ ಏರಿ ಹೋಗುವ ಒಂದು ಓಣಿಯಲ್ಲಿ ಆ ಮನೆ. ಮುಂದೆ ಹುಡುಗಿಯ ಅಪ್ಪನ ಮೋಟಾರ್ ವೈಂಡಿಂಗ್ ಅಂಗಡಿ. ತಾಮ್ರದ ತಂತಿಯ ಸುರುಳಿಗಳನ್ನು ದಾಟಿ ಒಳಗೆ ಹೋದರೆ ಹೊಸದಾಗಿ ಸುಣ್ಣ ಹೊಡೆದ ಒಂದು ಹೊರಕೋಣೆ, ಪರದೆ, ಪರದೆಯಾಚೆ ಒಳಕೋಣೆ. ಖಾಲೂ ಹುಡುಗಿಯ ಅಪ್ಪನ ಜೊತೆ ಹೊರಕೋಣೆಯಲ್ಲಿ ಕೂತರು. ನನ್ನ ಚೀಲವೂ ಅವರ ಜೊತೆಗೇ ಉಳಿಯಿತು. ನಾವು ಹೆಂಗಸರು ಪರದೆ ಸರಿಸಿ ಒಳಗೆ ಹೋದೆವು. ಅಲ್ಲಿ ಮಂಚದ ಮೇಲೆ ಹುಡುಗಿಯ ಅಜ್ಜಿ, ಅವರ ಪಕ್ಕದಲ್ಲಿ ಹುಡುಗಿಯ ತಾಯಿ.

"ಇವ್ರ್ ಯಾರ್ರಿ?" ಎಂದರು ಅಜ್ಜಿ ನನ್ನನ್ನು ನೋಡಿ.

"ನಮ್ ಡಾಕ್ಟ್ರು," ಎಂದರು ಖಾಲಾ.

ನಾನು ಬಾಯಿ ತೆರೆದೆ. ಆದರೆ ಆ ಎರಡು ಪದ ಅಜ್ಜಿಯ ಕಿವಿಗೆ ಬೀಳುವುದಕ್ಕೂ, ಹೊದಿಕೆಯ ಅಡಿಯಿಂದ ಅವರ ಬಲಗಾಲು ಹೊರಗೆ ಬರುವುದಕ್ಕೂ ನಡುವೆ ನನಗೆ ಜಾಗವೇ ಸಿಗಲಿಲ್ಲ. "ನೋಡ್ರವ್ವಾ. ಮಡಚಾಕ ಬರಂಗಿಲ್ಲ. ಮಡಚಿದ್ರ ಬಿಚ್ಚಾಕ ಬರಂಗಿಲ್ಲ." ನಾನು ಐನೂರು ಕಿಲೋಮೀಟರ್ ದೂರ ಓಡಿ ಬಂದದ್ದು ಯಾವುದರಿಂದಲೋ ಅದು ನನ್ನ ಕಣ್ಣ ಮುಂದೆ ಚಾಚಿಕೊಂಡಿತ್ತು. ಊದಿದ, ದುಂಡನೆಯ, ಎಣ್ಣೆ ಸವರಿದ ಮಂಡಿ.

ಹುಡುಗಿ ಶರಬತ್ತಿನ ತಟ್ಟೆ ಹಿಡಿದು ಬಂದಳು. ಇಪ್ಪತ್ನಾಲ್ಕು ಇಪ್ಪತ್ತೈದರ, ಚುರುಕು ಕಣ್ಣಿನ ಹುಡುಗಿ. ಊರಲ್ಲೇ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಾಳಂತೆ. ಖಾಲಾ ನೋಡಿದ ಕೂಡಲೇ ಮೆಚ್ಚಿಕೊಂಡರು. ಅದು ಅವರ ಮುಖದ ಮೇಲೇ ಇತ್ತು. ಎದ್ದು, ಎರಡೂ ತೋಳು ಚಾಚಿ, "ಬಾ ಬೇಟಿ," ಎಂದು ಅವಳನ್ನು ಬುರ್ಖಾದೊಳಗೆ ಮುಳುಗಿಸಿಕೊಂಡು ಅಪ್ಪಿಕೊಂಡರು.

ಒಳಗಿನಿಂದ ಒಂದು ಸೀನು ಕೇಳಿಸಿತು. ಆಮೇಲೆ ಇನ್ನೊಂದು. ಖಾಲಾ ತೋಳು ಬಿಟ್ಟರು. ಹುಡುಗಿ ಹಿಂದೆ ಸರಿದು, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು, ಒಂದರ ಹಿಂದೊಂದು ಸೀನತೊಡಗಿದಳು. ಮನೆಯ ತಗಡಿನ ಡಬ್ಬಿಗಳು ಅದುರಿದವು. ಪರದೆಯಾಚೆಯಿಂದ ಯಾರೋ ಕುರ್ಚಿ ಸರಿಸಿದ ಸದ್ದು ಬಂತು.

"ನೆಗಡಿ," ಎಂದರು ಅಜ್ಜಿ ತಕ್ಷಣ. "ಮುಂಜಾನಿ ತಲಿ ತೊಳ್ಕೊಂಡಾಳ."

"ಹೌದ್ರಿ, ನೆಗಡಿ," ಎಂದರು ತಾಯಿ.

ಖಾಲಾ ನನ್ನ ಕಿವಿಗೆ ಬಾಯಿ ಇಟ್ಟು ಪಿಸುಗುಟ್ಟಿದರು. ಅವರ ಪಿಸುಮಾತು ಹೊರಗಿನ ಅಂಗಡಿಯವರೆಗೂ ಕೇಳುವಂಥದ್ದು. "ಎದಿ ರೋಗ ಇದ್ರ? ನೀ ಡಾಕ್ಟರ್ ಅಲ್ಲೇನ? ಒಳಗ ಕರಕೊಂಡ್ ಹೋಗಿ ನೋಡ್ಬಾ." ಅದೇ ಹೊತ್ತಿಗೆ ಅಜ್ಜಿ, ಹುಡುಗಿಯನ್ನು ಅಲ್ಲಿಂದ ಪಾರು ಮಾಡುವ ಉಪಾಯವಾಗಿ, "ಏ ಹುಡುಗಿ, ಡಾಕ್ಟ್ರನ್ನ ಅಡಗಿಮನಿಗಿ ಕರಕೊಂಡ್ ಹೋಗು. ಮಣಕಾಲಿಗಿ ಕಾಸೋದು ಹ್ಯಾಂಗ ಅಂತ ಕೇಳಿ ನೀರ್ ಬಿಸಿ ಮಾಡು," ಎಂದರು. ಹೀಗೆ ಎರಡೂ ಪಕ್ಷದವರು ಸೇರಿ ನನ್ನನ್ನು ಅಡುಗೆಮನೆಗೆ ತಳ್ಳಿದರು.

ಬಾಗಿಲು ಮುಂದಕ್ಕೆ ಮಾಡಿ ಹುಡುಗಿ ಕಣ್ಣೊರೆಸಿಕೊಂಡಳು. ಮೂಗು ಕೆಂಪಾಗಿತ್ತು.

"ಅವ್ರ ಬುರ್ಖಾದಾಗ ಒಂದ್ ಗಾದಿಗಾಗೋವಷ್ಟು ಹತ್ತಿ ಅದ ರೀ," ಎಂದಳು.

"ಹತ್ತಿ ಆಗಲ್ವಾ ನಿಮಗೆ?"

"ಸಣ್ಣಾಕಿ ಇದ್ದಾಗಿಂದ ಆಗಂಗಿಲ್ಲ. ಹೊಲದಾಗ ಹತ್ತಿ ಬಿಡಸೋ ದಿನದಾಗ ನಾ ಕಿಟಕಿ ಸೈತ ತೆಗ್ಯಂಗಿಲ್ಲ."

ಹತ್ತಿ ಆಗದ ಹುಡುಗಿ, ಗಾದಿ ಅಂಗಡಿಯ ಮನೆ. ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಅಷ್ಟರಲ್ಲಿ ಬಸ್ಸಿನಲ್ಲಿ ಕೇಳಿದ ಕಥೆ ತಲೆಯೊಳಗೆ ತಿರುಗಿತು. ಹತ್ತಿ ಮುಟ್ಟುವುದಿಲ್ಲವೆಂದು ಹಟ ಹಿಡಿದ ಮಗ, ದಿನಕ್ಕೆರಡು ಜಳಕ, ಅಂಗಿ ಝಾಡಿಸುವುದು.

"ನಿಮಗೆ ಹುಡುಗ ಮೊದಲೇ ಗೊತ್ತು," ಎಂದೆ.

ಅವಳು ಒಲೆಯ ಮೇಲೆ ನೀರಿಟ್ಟು, ನನ್ನ ಕಡೆ ತಿರುಗದೆಯೇ ಎಲ್ಲ ಹೇಳಿದಳು. ಕಂಪ್ಯೂಟರ್ ಕೋರ್ಸಿಗೆಂದು ಯಾದಗಿರಿಯಲ್ಲಿ ಅತ್ತೆಯ ಮನೆಯಲ್ಲಿದ್ದಾಗ, ಅತ್ತೆಯ ಜೊತೆ ಹಳೇ ಗಾದಿ ರಿಪೇರಿಗೆ ಅವರ ಅಂಗಡಿಗೆ ಹೋಗಿದ್ದಳಂತೆ. ಹೊಸ್ತಿಲಲ್ಲೇ ಸೀನು ಶುರುವಾಗಿ, ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತಳು. ಅವನು ನೀರು ತಂದು ಕೊಟ್ಟ. ಅವನು ಹತ್ತಿರ ಬಂದದ್ದಕ್ಕೆ ಸೀನು ಇನ್ನೂ ಜಾಸ್ತಿಯಾಯಿತು. ಮುಂದಿನ ಸಲ ಸಿಕ್ಕಾಗ ಸ್ನಾನ ಮಾಡಿಕೊಂಡು ಬಂದಿದ್ದ.

"ಒಂದ್ ದಿನ ಅವ್ರೇ ಹೇಳಿದ್ರು. 'ನಿಮಗ ಹತ್ತಿ ಆಗಂಗಿಲ್ಲ, ನನಗ ಹತ್ತಿ ಬಿಟ್ರ ಏನೂ ಬರಂಗಿಲ್ಲ, ಈಗ ಹ್ಯಾಂಗ?' ಅಂತ. ಮರು ತಿಂಗಳ ಫ್ಯಾಕ್ಟರಿಗಿ ಸೇರಿದ್ರು." ನೆಂಟರ ಮೂಲಕ ಈ ಸಂಬಂಧ ಖಾಲಾಳ ಕಿವಿಗೆ ಬೀಳುವಂತೆ ಮಾಡಿದವನೂ ಅವನೇ. "ಅವ್ರ ತಾಯಿ, ಹುಡುಗಿನ್ನ ತಾವೇ ಹುಡುಕ್ಯಾರಂತ ತಿಳಕೊಂಡಾರ. ಹಂಗ ತಿಳಕೊಂಡ್ರೇ ಚೊಲೋ ಅಲ್ರೀ?" ಈಗ ಅವಳು ತಿರುಗಿ ನನ್ನ ಕೈ ಹಿಡಿದಳು. "ಅಕ್ಕಾ, ನೆಗಡಿ ಅಂತ ಹೇಳಿಬಿಡ್ರಿ."

ನನಗೆ ಸಂಕಟವಾಯಿತು. ಅವಳ ಮುಖ ನೋಡಿದರೆ ಏನು ಬೇಕಾದರೂ ಹೇಳಬಹುದು ಅನಿಸುತ್ತಿತ್ತು. ಆದರೆ ಖಾಲಾ ನನ್ನನ್ನು ನಂಬಿ ಒಳಗೆ ಕಳಿಸಿದ್ದರು. ಹೋಗಲಿ, ಮದುವೆಯಾದ ಮರುದಿನ ಆ ಮನೆಯಲ್ಲಿ ಇವಳ ಪಾಡೇನು?

"ನಾನು ಹೇಳಲ್ಲ," ಎಂದೆ. "ಹತ್ತಿ ಅಂತಲೂ ಹೇಳಲ್ಲ, ನೆಗಡಿ ಅಂತಲೂ ಹೇಳಲ್ಲ. ನೀವೇ ಹೇಳಿ. ನಿಜ ಹೇಳಿ. ಅಲ್ಲಿ ಹೋಗಿ ದಿನಾ ನೆಗಡಿ ಅಂತ ಎಷ್ಟು ವರ್ಷ ಹೇಳಕ್ಕಾಗುತ್ತೆ?"

ಅವಳು ಒಲೆಯ ಉರಿ ತಗ್ಗಿಸಿದಳು. ಆಮೇಲೆ ಥಟ್ಟನೆ, "ಅಂದಂಗ ನೀವು ಅವ್ರಿಗಿ ಏನಾಗ್ಬೇಕು?" ಎಂದು ಕೇಳಿದಳು.

"ಏನೂ ಇಲ್ಲ. ಬಸ್ಸಲ್ಲಿ ಪಕ್ಕ ಕೂತಿದ್ದೆ."

ಒಂದು ಗಳಿಗೆ ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ನಕ್ಕಳು. "ಅಲ್ರೀ, ಬಸ್ಸಿನಾಗ ಸಿಕ್ಕವ್ರು ಬಂದು ನನ್ನ ನೋಡಾಕತ್ತೀರಿ!" ನಗು ನಿಂತ ಮೇಲೆ ಅವಳಿಗೆ ಧೈರ್ಯ ಬಂದಿರಬೇಕು. ಮುಖ ತೊಳೆದುಕೊಂಡು, ಬಿಸಿನೀರಿನ ಪಾತ್ರೆ ನನ್ನ ಕೈಗೆ ಕೊಟ್ಟು, ತಾನೇ ಮುಂದಾಗಿ ಒಳಕೋಣೆಗೆ ನಡೆದಳು.

ಖಾಲಾಳಿಂದ ಸಾಕಷ್ಟು ದೂರದಲ್ಲಿ, ಗೋಡೆಗೆ ಅಂಟಿಕೊಂಡು ನಿಂತು, ಅವರಿಗೇ ಹೇಳಿದಳು. "ಅಮ್ಮೀ, ನನಗ ನೆಗಡಿ ಇಲ್ರಿ. ಹತ್ತಿ ಆಗಂಗಿಲ್ಲ. ಹತ್ತಿ ಹಂತೇಕ ಬಂದ್ರ ಸೀನು ಬರ್ತಾವ."

ಅಜ್ಜಿ ಹಣೆ ಚಚ್ಚಿಕೊಂಡರು. ತಾಯಿ ಬಾದೂಷಾ ಡಬ್ಬಿಯ ಮುಚ್ಚಳವನ್ನು, ಇನ್ನು ಇದು ವಾಪಸು ಹೋಗುವುದೇ ಎನ್ನುವಂತೆ, ಸದ್ದಿಲ್ಲದೆ ಮುಚ್ಚಿದರು. ಖಾಲಾ ಹುಡುಗಿಯನ್ನು, ನನ್ನನ್ನು, ಸುಣ್ಣದ ಗೋಡೆಯನ್ನು ನೋಡಿದರು.

"ನಮ್ದು ಗಾದಿ ಮನಿ," ಎಂದರು ಕೊನೆಗೆ. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಬೆಳಗಿನಿಂದ ಕೇಳಿರಲಿಲ್ಲ.

ಆಗ ಪರದೆಯಾಚೆಯಿಂದ ಒಂದು ಗಂಡುದನಿ ಬಂತು. ಗಟ್ಟಿಯಾದ, ತುಂಬಿದ, ಚಂದದ ದನಿ.

"ಹುಡುಗ ಅದಕ್ಕೇ ಹತ್ತಿ ಬಿಟ್ಟಾನ."

ಯಾರು ಮಾತಾಡಿದ್ದೆಂದು ನನಗೆ ತಿಳಿಯಲಿಲ್ಲ. ಖಾಲಾಗೆ ತಿಳಿಯಿತು. ಎದ್ದು ಹೋಗಿ ಪರದೆ ಸರಿಸಿದರು. ಖಾಲೂ ತೊಡೆಯ ಮೇಲೆ ನನ್ನ ಚೀಲ ಇಟ್ಟುಕೊಂಡು ಶಾಂತವಾಗಿ ಕೂತಿದ್ದರು.

"ನಿಮಗ ಗೊತ್ತಿತ್ತು?"

"ಹ್ಞೂಂ."

"ಎಂದಿನಿಂದ?"

"ಆಕಿ ನಮ್ ಅಂಗಡಿ ಮುಂದ ಸೀನಿದ್ಲಲ್ಲ, ಅವತ್ತಿನಿಂದ. ಇವ ನೀರ್ ಒಯ್ದು ಕೊಟ್ಟಿದ್ದು ನೋಡೇನಿ."

"ಮತ್ತ ನನಗ ಯಾಕ ಹೇಳಲಿಲ್ಲ?"

ಖಾಲೂ ಹೆಂಡತಿಯ ಮುಖ ನೋಡಿದರು. ಮದುವೆಯಾದಾಗಿನಿಂದ ಕಾದು ಕೂತವರಂತೆ ಹೇಳಿದರು. "ನೀ ಎಲ್ಲಿ ಬಿಟ್ಟಿ ಮಾತಾಡಾಕ?"

ಹುಡುಗಿಯ ಅಪ್ಪ ಮೊದಲು ಕೆಮ್ಮಿದರು. ಕೆಮ್ಮುತ್ತಿಲ್ಲ, ನಗುತ್ತಿದ್ದಾರೆಂದು ಆಮೇಲೆ ಗೊತ್ತಾಯಿತು. ಒಳಗೆ ಅಜ್ಜಿ ಮೊಮ್ಮಗಳ ಕಡೆ ಬೆರಳು ತೋರಿಸಿ, "ಅಂದ್ರ ನಿಮಗಿಬ್ರಿಗೂ ಮೊದ್ಲೇ ಗೊತ್ತದ? ಮತ್ತ ನಾವು ಗೋಡಿಗಿ ಸುಣ್ಣ ಯಾಕ ಹೊಡದ್ವಿ?" ಎಂದರು.

ಖಾಲಾ ಮಾತ್ರ ನಗಲಿಲ್ಲ. ಬಂದು ಕೂತು, ತಮ್ಮ ಬುರ್ಖಾದ ತೋಳನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಹೊಲಿಗೆಯ ಸಂದಿಯಲ್ಲಿ ಸಣ್ಣ ಬಿಳಿ ಎಳೆಗಳು ಸಿಕ್ಕಿಕೊಂಡಿದ್ದವು. ಒಂದೊಂದಾಗಿ ಕೀಳತೊಡಗಿದರು. ಅವರ ಕಣ್ಣು ತುಂಬಿದ್ದನ್ನು ಕಂಡು ನಾನು ಬಿಸಿನೀರಿನ ಪಾತ್ರೆಯನ್ನು ಹಿಡಿದುಕೊಂಡೇ ನಿಂತೆ.

"ನನಗೊಂದ್ ಮಾತ್ ಹೇಳಿದ್ರ," ಎಂದರು, "ನಾನೂ ಬುರ್ಖಾ ಝಾಡಿಸ್ಕೊಂಡು ಬರ್ತಿದ್ದೆನಲ್ಲ."

ಹುಡುಗಿ ಗೋಡೆ ಬಿಟ್ಟು ಅವರ ಕಡೆ ಬಂದಳು. ಎರಡು ಹೆಜ್ಜೆ ಹಾಕಿ ಸೀನಿದಳು. "ಅಲ್ಲೇ ನಿಲ್ಲು, ಅಲ್ಲೇ ನಿಲ್ಲು!" ಎಂದು ಖಾಲಾ ಗಾಬರಿಯಿಂದ ಕೈ ಅಡ್ಡ ಹಿಡಿದರು. ಅಲ್ಲಿಗೆ ಅವರ ದನಿ ಮರಳಿ ಬಂದಿತ್ತು.

ಮುಂದಿನದೆಲ್ಲ ವ್ಯವಹಾರದ ಮಾತು. ಯಾದಗಿರಿಯ ಗಾದಿ ಅಂಗಡಿ ರಸ್ತೆಯಲ್ಲಿದೆ, ಮನೆ ಹಿಂದಿನ ಓಣಿಯಲ್ಲಿದೆ. ಮನೆಯೊಳಗೆ ಹತ್ತಿ ಬಾರದಂತೆ ಮಾಡಬಹುದು. ಆದರೆ ಮಲಗುವುದು ಯಾವುದರ ಮೇಲೆ? ಖಾಲಾ, ಆಡಬಾರದ ಹರಾಮಿನ ಮಾತನ್ನು ಆಡುವವರಂತೆ, "ಫೋಮ್ ಆಗ್ತದೇನ?" ಎಂದು ನನ್ನನ್ನು ಕೇಳಿದರು.

"ಆಗಬಹುದು," ಎಂದೆ.

"ಆಗಬಹುದು ಅಂದ್ರ ಹ್ಯಾಂಗ? ನೋಡೇಬಿಡಮು. ಆ ಚೀಲ ತರ್ರಿ!"

ಖಾಲೂ ಚೀಲವನ್ನು ಪರದೆಯ ಸಂದಿಯಿಂದ ಒಳಗೆ ದಾಟಿಸಿದರು. ಹುಡುಗಿ ಅದನ್ನು ಅಪ್ಪಿಕೊಂಡು, ಬೆನ್ನಿಗೆ ತಾಗುವ ಮೆತ್ತನೆಯ ಭಾಗಕ್ಕೆ ಮುಖ ಒತ್ತಿ ಹಿಡಿಯಬೇಕೆಂದು ತೀರ್ಮಾನವಾಯಿತು. ನಾನು ತಡೆಯಲು ನೋಡಿದೆ. ಅದು ಎರಡು ದಿನ ನನ್ನ ಬೆವರು ಕುಡಿದ ಚೀಲ, ಕೆಳಗಿನ ಖಾನೆಯಲ್ಲಿ ನನ್ನ ಕಾಲುಚೀಲಗಳಿವೆ ಎಂದೆಲ್ಲ ಹೇಳಿದೆ. ಯಾರೂ ಕೇಳಲಿಲ್ಲ. ಹುಡುಗಿ ಕಣ್ಣು ಮುಚ್ಚಿ ಮುಖ ಒತ್ತಿದಳು. ಅಜ್ಜಿ ತುಟಿಯಲ್ಲೇ ಏನೋ ಜಪಿಸಿದರು. ಪರದೆಯ ಅಂಚಿನಲ್ಲಿ ಇಬ್ಬರು ಗಂಡಸರ ಪಾದಗಳು ಕಾಣುತ್ತಿದ್ದವು.

ತುಂಬಾ ಹೊತ್ತಾದ ಮೇಲೆ ಅವಳು ತಲೆ ಎತ್ತಿ, ಮೂಗು ಮುರಿದು, "ಸೀನು ಬರ್ಲಿಲ್ಲ. ಆದ್ರ ವಾಸನಿ ಭಾಳ ಅದ," ಎಂದಳು.

ಖಾಲಾ ಬಾದೂಷಾ ಡಬ್ಬಿಯ ಮುಚ್ಚಳ ತೆಗೆದರು. ಅಪ್ಪಿಕೊಳ್ಳುವಂತಿಲ್ಲವಾದ್ದರಿಂದ, ಕೈ ಉದ್ದಕ್ಕೆ ಚಾಚಿ, ದೂರದಿಂದಲೇ ಹುಡುಗಿಯ ಬಾಯಿಗೆ ಒಂದು ತುಂಡು ಇಟ್ಟರು.

ಊಟದ ಮೇಲೆ ನಾನು ಅಜ್ಜಿಯ ಮಂಡಿಗೆ ಮೂರು ವ್ಯಾಯಾಮ ಹೇಳಿಕೊಟ್ಟೆ. ನಾನು ಡಾಕ್ಟರ್ ಅಲ್ಲವೆಂದೂ, ಖಾಲಾಗೆ ನಾನು ಬೆಳಿಗ್ಗೆಯಷ್ಟೇ ಬಸ್ಸಿನಲ್ಲಿ ಸಿಕ್ಕವಳೆಂದೂ ಎಲ್ಲರಿಗೂ ಕೇಳುವಂತೆ ಹೇಳಿದೆ. ಅಜ್ಜಿ ಕಾಲು ಮೇಲೆ ಕೆಳಗೆ ಮಾಡುತ್ತಾ, "ಇರ್ಲಿ ಬಿಡವ್ವಾ, ಕೈ ಚೊಲೋ ಅದ," ಎಂದರು. ಅಷ್ಟರಲ್ಲಿ ಪಕ್ಕದ ಮನೆಯಿಂದ ಒಂದು ಭುಜ, ಎದುರುಮನೆಯಿಂದ ಎರಡು ಸೊಂಟ ಬಂದು ಹೊಸ್ತಿಲಲ್ಲಿ ಕೂತಿದ್ದವು. ಅವನ್ನೆಲ್ಲ ಮುಗಿಸಿ, ಬಿಸಿಲು ತಗ್ಗುವ ಹೊತ್ತಿಗೆ ಹುಡುಗಿಯ ಜೊತೆ ಗುಡ್ಡ ಹತ್ತಿ ಬಂಗಲೆ ನೋಡಿ ಬಂದೆ. ದಾರಿಯುದ್ದಕ್ಕೂ ಅವಳು ಫೋನಿನಲ್ಲಿ ಕಡೇಚೂರಿನವನಿಗೆ ನಡೆದದ್ದನ್ನೆಲ್ಲ ಹೇಳುತ್ತಿದ್ದಳು. ಆ ಕಡೆಯಿಂದ ಬರೀ "ಹ್ಞೂಂ, ಹ್ಞೂಂ" ಕೇಳುತ್ತಿತ್ತು.

ಬೇಸಿಗೆಯಲ್ಲಿ ಮದುವೆಯಾಯಿತು. ಖಾಲಾ ನಾಲ್ಕು ಸಲ ಫೋನು ಮಾಡಿ ಕರೆದರು. ಹೋದೆ. ಯಾದಗಿರಿಯ ಶಾಮಿಯಾನದ ಕೆಳಗೆ, ಬಿಸಿಲಿಗೆ ಕಾದ ಕುರ್ಚಿಗಳ ನಡುವೆ, ನನ್ನನ್ನು ಗಂಡಿನ ಕಡೆಯ ಹೆಂಗಸರ ಸಾಲಿನಲ್ಲಿ ಕೂರಿಸಿದರು. ನನ್ನ ಒಂದು ಪಕ್ಕದಲ್ಲಿ ಖಾಲಾಳ ನಾದಿನಿ, ಅಂದು ನಾನು ಯಾರ ಜಾಗದಲ್ಲಿ ಸುರಪುರಕ್ಕೆ ಹೋಗಿದ್ದೆನೋ ಅವಳು, ಕೂತಿದ್ದಳು. ಅವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆದರೆ ನನ್ನ ತಟ್ಟೆಯಲ್ಲಿ ಮಾಂಸದ ತುಂಡು ಕಡಿಮೆ ಬಿದ್ದದ್ದನ್ನು ನೋಡಿ, ಬಡಿಸುವವರನ್ನು ಗದರಿಸಿ ಕರೆದು ಎರಡು ತುಂಡು ಜಾಸ್ತಿ ಹಾಕಿಸಿದಳು.